ಬೇಸಿಗೆ ಸಂಗೀತ ಶಿಬಿರ: ಮಗುವನ್ನು ಕಳುಹಿಸುವ ಮುನ್ನ, ಕಳುಹಿಸಿದ ಮೇಲೆ

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಪೋಷಕರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಮಗಳು ನಾಲ್ಕು ವರ್ಷದಿಂದ ಹಾಡು ಕಲಿಯುತ್ತಿದ್ದಾಳೆ, ರಜೆಯಲ್ಲಿ ವಸತಿ ಶಿಬಿರಕ್ಕೆ ಕಳುಹಿಸಬಹುದೇ? ಮಗ ಮೃದಂಗ ನುಡಿಸುತ್ತಾನೆ, ಮನೆ ಬಿಟ್ಟು ಹತ್ತು ದಿನ ಇರಬಲ್ಲನೇ? ಅಲ್ಲಿ ಎಷ್ಟು ಕೃತಿ ಹೇಳಿಕೊಡುತ್ತಾರೆ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಕರ್ನಾಟಕ ಸಂಗೀತದ ಪಾಠ ಹೇಳುವವಳು. ಬೇಸಿಗೆ ಶಿಬಿರಗಳಲ್ಲೂ ಪಾಠ ಮಾಡಿದ್ದೇನೆ. ಆದ್ದರಿಂದ ಉದಾಹರಣೆಗಳು ಹೆಚ್ಚಾಗಿ ಕರ್ನಾಟಕ ಸಂಗೀತದವು. ಹಿಂದೂಸ್ತಾನಿ ಕಲಿಯುವ ಮಕ್ಕಳಿಗೂ ಬಹುಪಾಲು ಹೊಂದುತ್ತವೆ.

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕೃತಿಗಳನ್ನು, ಅಂದರೆ ಕಛೇರಿಯಲ್ಲಿ ಹಾಡುವ ರಚನೆಗಳನ್ನು, ಎಣಿಸಬೇಡಿ. ಹತ್ತು ದಿನದಲ್ಲಿ ಕಲಿತ ಐದು ಕೃತಿಗಳು ಜುಲೈ ಹೊತ್ತಿಗೆ ಗಂಟಲಿನಲ್ಲಿ ಉಳಿದಿರುವುದಿಲ್ಲ. ಮನೆಯ ಪಾಠದಲ್ಲಿ ಸಿಗದ ಎರಡು ಸಂಗತಿಗಳು ಶಿಬಿರದಲ್ಲಿ ಸಿಗುತ್ತವೆ: ತನ್ನ ವಯಸ್ಸಿನವರ ನಡುವೆ ಕುಳಿತು ಅವರ ದನಿಯನ್ನು ಕೇಳುತ್ತಾ ಹಾಡುವುದು, ಮತ್ತು ದಿನದಲ್ಲಿ ನಾಲ್ಕೈದು ಗಂಟೆ ಸಂಗೀತದಲ್ಲೇ ಇರುವುದು. ಈ ಎರಡಕ್ಕೆ ಮಗು ಸಿದ್ಧವಾಗಿದ್ದರೆ ಶಿಬಿರ ಸಾರ್ಥಕ. ಮುಂದಿನ ಹಂತಗಳೆಲ್ಲ ಆ ಸಿದ್ಧತೆಗಾಗಿಯೇ.

ಹಂತ 1: ಮೊದಲು ಗುರುಗಳನ್ನು ಕೇಳಿ

ಹಣ ಕಟ್ಟಿದ ಮೇಲೆ ಗುರುಗಳಿಗೆ ತಿಳಿಸುವವರೇ ಹೆಚ್ಚು. ಇದು ತಪ್ಪು ಕ್ರಮ. ಗೌರವದ ಮಾತನ್ನು ಬದಿಗಿಟ್ಟರೂ ಇದಕ್ಕೆ ಪಾಠದ ಕಾರಣವೊಂದಿದೆ. ನಿಮ್ಮ ಮಗುವಿನ ಶ್ರುತಿ ಎಲ್ಲಿ ಜಾರುತ್ತದೆ, ತಾಳ ಯಾವ ಕಾಲದಲ್ಲಿ, ಅಂದರೆ ಯಾವ ವೇಗದಲ್ಲಿ, ಓಡುತ್ತದೆ ಎಂಬುದು ವಾರವಾರವೂ ಕೇಳುವವರಿಗೆ ಗೊತ್ತು. "ಈ ಬೇಸಿಗೆಯಲ್ಲಿ ಇವಳು ಯಾವುದನ್ನು ಸರಿಪಡಿಸಿಕೊಳ್ಳಬೇಕು?" ಎಂದು ಅವರನ್ನು ಕೇಳಿ. ಅವರು ಹೇಳುವ ಒಂದೇ ಒಂದು ಮಾತನ್ನು ಶಿಬಿರದ ಪುಸ್ತಕದ ಮೊದಲ ಪುಟದಲ್ಲಿ ಬರೆಸಿ. "ಮೂರನೆಯ ಕಾಲದಲ್ಲಿ ಅಕ್ಷರ ನುಂಗಬೇಡ" ಎಂದಿದ್ದರೆ ಅಷ್ಟೇ ಸಾಕು.

ಯಾವ ಮಟ್ಟದಲ್ಲಿ ಕಳುಹಿಸಬಹುದು ಎಂಬುದಕ್ಕೆ ನನ್ನ ಅಳತೆ ಹೀಗಿದೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳೆಂಬ ಆರಂಭದ ಸ್ವರಾಭ್ಯಾಸಗಳನ್ನು ಮೂರು ಕಾಲದಲ್ಲಿ, ಅಂದರೆ ಒಂದೇ ತಾಳದ ವೇಗದಲ್ಲಿ ಒಂದು ಪಟ್ಟು, ಎರಡು ಪಟ್ಟು, ನಾಲ್ಕು ಪಟ್ಟು ಸ್ವರಗಳನ್ನು ಕೂರಿಸಿ, ಕೈತಾಳ ಬಿಡದೆ ಹಾಡಬಲ್ಲ ಮಗು ಹಗಲಿನ ಶಿಬಿರಕ್ಕೆ ಹೋಗಬಹುದು. ಅವುಗಳ ಮುಂದಿನ ಸರಳ ಹಾಡುಗಳಾದ ಗೀತೆಗಳು ಮುಗಿದು ಒಂದೆರಡು ವರ್ಣಗಳಾದರೂ ಆಗಿದ್ದರೆ ವಸತಿ ಶಿಬಿರದ ಪಾಠ ಹಿಡಿಯುತ್ತದೆ. ವರ್ಣವೆಂದರೆ ಸ್ವರ ಮತ್ತು ಸಾಹಿತ್ಯ ಎರಡನ್ನೂ ಹೆಣೆದ, ರಾಗದ ಸ್ವರೂಪವನ್ನು ಪೂರ್ತಿ ತೋರಿಸುವ ಅಭ್ಯಾಸ ರಚನೆ. ಜೂನಿಯರ್ ಪರೀಕ್ಷೆ ಪಾಸಾದ ಪ್ರಮಾಣಪತ್ರವೊಂದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಡಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಬೇರೆ, ಹೊಸದನ್ನು ಕಿವಿಯಿಂದ ಹಿಡಿಯುವುದು ಬೇರೆ.

ಗುರುಗಳು "ಈ ವರ್ಷ ಬೇಡ" ಎಂದರೆ ಕಾರಣ ಕೇಳಿ ತಿಳಿದುಕೊಳ್ಳಿ. ಅಲಂಕಾರಗಳ ನಡುವೆ ಇರುವ ಮಗುವನ್ನು ಕೃತಿ ಕಲಿಸುವ ಶಿಬಿರಕ್ಕೆ ದೂಡಿದರೆ ಅಲ್ಲಿ ಅದು ಬಾಯಿ ಆಡಿಸುವುದನ್ನಷ್ಟೇ ಕಲಿಯುತ್ತದೆ.

ಹಂತ 2: ಶಿಬಿರವನ್ನು ಆರಿಸುವುದು

ಸಂಗೀತ ಶಿಬಿರ ಎಂಬ ಒಂದೇ ಹೆಸರಿನಲ್ಲಿ ಏನೇನೋ ನಡೆಯುತ್ತದೆ. ಒಂದು ಕಡೆ ಶಾಸ್ತ್ರೀಯ ಸಂಗೀತ, ಇನ್ನೊಂದು ಕಡೆ ದಾಸರ ಪದ ಮತ್ತು ವಚನ, ಮತ್ತೊಂದು ಕಡೆ ಭಾವಗೀತೆ, ಬೇರೊಂದು ಕಡೆ ಕೀಬೋರ್ಡ್ ಮತ್ತು ಚಿತ್ರಗೀತೆ. ಇವುಗಳಲ್ಲಿ ಯಾವುದೂ ಕೀಳಲ್ಲ, ಆದರೆ ನಿಮಗೆ ಬೇಕಾದದ್ದು ಯಾವುದು ಎಂದು ಮೊದಲೇ ತೀರ್ಮಾನಿಸಿ. ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆ ಶಾಸ್ತ್ರೀಯ ಎಂದರೆ ಸಾಮಾನ್ಯವಾಗಿ ಹಿಂದೂಸ್ತಾನಿ. ಮೈಸೂರು ಕಡೆ ಕರ್ನಾಟಕ ಸಂಗೀತ. ಅಜ್ಜನ ಮನೆ ಧಾರವಾಡದಲ್ಲಿದೆ ಎಂಬ ಅನುಕೂಲಕ್ಕಾಗಿ ಮೋಹನ ರಾಗದ ವರ್ಣ ಹಾಡುವ ಮಗುವನ್ನು ಹಿಂದೂಸ್ತಾನಿಯ ಖಯಾಲ್ ಗಾಯನದ ಶಿಬಿರಕ್ಕೆ ಸೇರಿಸಿದರೆ, ಭೂಪ್ ರಾಗದ ಸ್ವರಗಳೂ ತನ್ನ ಮೋಹನದ ಸ್ವರಗಳೂ ಒಂದೇ ಆಗಿದ್ದು ನಡೆ ಮಾತ್ರ ಬೇರೆಯಾಗಿರುವುದನ್ನು ಕಂಡು ಅದು ಗಲಿಬಿಲಿಯಾಗುತ್ತದೆ. ಹದಿನೈದರ ಮೇಲಿನ ಗಟ್ಟಿ ವಿದ್ಯಾರ್ಥಿಗೆ ಇದೇ ಅನುಭವ ಬಹಳ ಒಳ್ಳೆಯದು. ಹತ್ತು ವರ್ಷದ ಮಗುವಿಗೆ ಬೇಡ.

ಸಂಘಟಕರಿಗೆ ಫೋನ್ ಮಾಡಿದಾಗ ಇವುಗಳನ್ನು ಕೇಳಿ:

ಪಾಠ ಹೇಳುವವರು ಯಾರು? ಆಹ್ವಾನ ಪತ್ರಿಕೆಯಲ್ಲಿ ಹೆಸರಿರುವ ವಿದ್ವಾಂಸರೇ ದಿನವೂ ಇರುತ್ತಾರೋ, ಉದ್ಘಾಟನೆಗೆ ಮಾತ್ರ ಬರುತ್ತಾರೋ?

ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು? ಹದಿನೈದು ಮೀರಿದರೆ ಒಬ್ಬೊಬ್ಬರ ದನಿ ಕೇಳಿ ತಿದ್ದುವುದು ಕಷ್ಟ. ನಲವತ್ತು ಮಕ್ಕಳ ಗುಂಪಾಗಿದ್ದರೆ, ಸಂಜೆ ಸಣ್ಣ ಗುಂಪುಗಳಾಗಿ ಒಡೆದು ಅಭ್ಯಾಸ ಮಾಡಿಸುತ್ತಾರೆಯೇ ಎಂದು ಕೇಳಿ.

ಯಾವ ಶ್ರುತಿಯಲ್ಲಿ ಹಾಡಿಸುತ್ತಾರೆ? ಇದನ್ನು ಕೇಳುವವರೇ ಇಲ್ಲ, ನಾನಂತೂ ಇದನ್ನೇ ಮೊದಲು ಕೇಳುತ್ತೇನೆ. ಕಾರಣ ಮುಂದಿನ ಹಂತದಲ್ಲಿದೆ.

ಕೇಳಿಸುವ ಹೊತ್ತು ಎಷ್ಟು? ದಿನಕ್ಕೆ ಒಂದು ಗಂಟೆಯಾದರೂ ಕಛೇರಿ ಅಥವಾ ಒಳ್ಳೆಯ ಧ್ವನಿಮುದ್ರಣವನ್ನು ಕೂರಿಸಿ ಕೇಳಿಸುವ ಶಿಬಿರ ಉತ್ತಮ ಶಿಬಿರ.

ವಸತಿ ಶಿಬಿರವಾದರೆ ಇನ್ನೂ ಗಟ್ಟಿಯಾದ ಪ್ರಶ್ನೆಗಳಿವೆ, ಕೇಳಲು ಸಂಕೋಚಪಡಬೇಡಿ. ರಾತ್ರಿ ಮಕ್ಕಳ ಜೊತೆ ಯಾರು ಇರುತ್ತಾರೆ? ಹೆಣ್ಣುಮಕ್ಕಳ ಕೊಠಡಿಯ ಹೊಣೆ ಮಹಿಳೆಯರದ್ದೇ? ಒಂಟಿ ಪಾಠ ನಡೆಯುವುದಾದರೆ ಬಾಗಿಲು ತೆರೆದಿರುತ್ತದೆಯೇ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ಮಗು ದಿನಕ್ಕೊಮ್ಮೆ ಮನೆಗೆ ಮಾತನಾಡಲು ವ್ಯವಸ್ಥೆ ಇದೆಯೇ? ಗುರುಕುಲದ ವಾತಾವರಣ ಎಂಬ ಮಾತು ಈ ಯಾವ ಪ್ರಶ್ನೆಗೂ ಉತ್ತರವಲ್ಲ. ಹೊಣೆಯರಿತ ಸಂಘಟಕರು ಕೇಳುವ ಮೊದಲೇ ಹೇಳುತ್ತಾರೆ. ಸಿಡುಕಿದರೆ ಆ ಶಿಬಿರ ಬೇಡ. ಯಾರಾದರೂ ಮುಜುಗರವಾಗುವಂತೆ ನಡೆದುಕೊಂಡರೆ ಕೂಡಲೇ ನಿಮಗೆ ಹೇಳಬೇಕೆಂದು ಮಗುವಿಗೂ ತಿಳಿಸಿ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನೂ ಅದಕ್ಕೆ ಬಾಯಿಪಾಠ ಮಾಡಿಸಿ.

ವಿದೇಶದಲ್ಲಿರುವ ಕನ್ನಡ ಕುಟುಂಬಗಳಿಗೆ ಒಂದು ಸೂಚನೆ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳಿನದು. ಅಮೆರಿಕದ ಶಾಲೆಗಳ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ನೀವು ಊರಿಗೆ ಬರುವಷ್ಟರಲ್ಲಿ ಇಲ್ಲಿ ಶಾಲೆ ಶುರುವಾಗಿ ಶಿಬಿರಗಳು ಮುಗಿದಿರುತ್ತವೆ. ಟಿಕೆಟ್ ಮಾಡಿಸುವ ಮುನ್ನವೇ ವಿಚಾರಿಸಿ. ಶಿಬಿರ ಸಿಗದಿದ್ದರೆ ಒಬ್ಬ ಗುರುಗಳ ಬಳಿ ಮೂರು ವಾರ ದಿನವೂ ಪಾಠಕ್ಕೆ ಹೋಗುವುದು ಅದಕ್ಕಿಂತ ಕಡಿಮೆಯದೇನಲ್ಲ.

ಹಂತ 3: ಮಗುವಿನ ಶ್ರುತಿಯನ್ನು ತಿಳಿದುಕೊಳ್ಳುವುದು

ಶ್ರುತಿ ಎಂದರೆ ಇಲ್ಲಿ ಹಾಡುವವರು ಆಧಾರವಾಗಿ ಹಿಡಿಯುವ ಷಡ್ಜದ, ಅಂದರೆ "ಸ" ಸ್ವರದ, ಎತ್ತರ. ಹಾರ್ಮೋನಿಯಂನ ಬಿಳಿ ಮನೆಗಳನ್ನು (ಕೀಗಳನ್ನು) ಒಂದರಿಂದ ಏಳರವರೆಗೆ ಎಣಿಸಿ, ನಡುವಿನ ಕಪ್ಪು ಮನೆಗಳನ್ನು ಒಂದೂವರೆ, ಎರಡೂವರೆ ಎಂದು ಕರೆಯುವುದು ಕರ್ನಾಟಕ ಸಂಗೀತದವರ ಪದ್ಧತಿ. ಹಿಂದೂಸ್ತಾನಿಯವರು ಕಪ್ಪು ಮನೆಗಳನ್ನು ಬೇರೆಯಾಗಿ ಎಣಿಸುತ್ತಾರೆ. ನಮ್ಮ ಐದೂವರೆ ಅವರಿಗೆ ಕಪ್ಪು ನಾಲ್ಕು. ಹೆಣ್ಣುಮಕ್ಕಳು ಮತ್ತು ಚಿಕ್ಕ ಗಂಡುಮಕ್ಕಳು ಸಾಮಾನ್ಯವಾಗಿ ಐದರ ಆಸುಪಾಸಿನಿಂದ ಆರರವರೆಗೆ ಹಾಡುತ್ತಾರೆ. ದನಿ ಒಡೆದ ಹುಡುಗರು ಒಂದು, ಒಂದೂವರೆ, ಎರಡಕ್ಕೆ ಇಳಿಯುತ್ತಾರೆ.

ಶಿಬಿರದಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸುವುದರಿಂದ ಒಂದೇ ಶ್ರುತಿ ಇಡುತ್ತಾರೆ, ಹೆಚ್ಚಾಗಿ ಐದು ಅಥವಾ ಐದೂವರೆ. ಹೆಣ್ಣುಮಕ್ಕಳಿಗೆ ಅದು ಸುಖ. ಹದಿಮೂರು, ಹದಿನಾಲ್ಕರ ಹುಡುಗನಿಗೆ ಅಲ್ಲಿಂದಲೇ ಸಂಕಟ ಶುರು. ಆ ಐದನ್ನೇ ಹಿಡಿದರೆ ತಾರಸ್ಥಾಯಿಯಲ್ಲಿ, ಅಂದರೆ ಮೇಲಿನ ಷಡ್ಜದಿಂದಾಚೆ, ದನಿ ಸೀಳುತ್ತದೆ. ಒಂದು ಸ್ಥಾಯಿ ಕೆಳಗಿನ ಐದನ್ನು ಹಿಡಿದರೆ ಮಧ್ಯಸ್ಥಾಯಿಯ ಸ್ವರಗಳೇ ಗಂಟಲಿನ ತಳಕ್ಕೆ ಹೋಗಿ ಗಾಳಿಯಷ್ಟೇ ಹೊರಡುತ್ತದೆ. ಮೇಲಿನದು ಎಟಕುವುದಿಲ್ಲ, ಕೆಳಗಿನದು ನಿಲ್ಲುವುದಿಲ್ಲ. ಪಕ್ಕದಲ್ಲಿ ಹುಡುಗಿಯರು ಸಲೀಸಾಗಿ ಹಾಡುತ್ತಿರುತ್ತಾರೆ. ಅವನು ತನಗೆ ಸಂಗೀತ ಒಲಿಯುವುದಿಲ್ಲ ಎಂದು ತೀರ್ಮಾನಿಸಿಬಿಡುತ್ತಾನೆ. ಎಷ್ಟೋ ಒಳ್ಳೆಯ ಹುಡುಗರು ಹಾಡುವುದನ್ನು ಬಿಟ್ಟದ್ದು ದನಿ ಒಡೆಯುವ ಈ ಎರಡು ವರ್ಷಗಳಲ್ಲಿ, ಅದಕ್ಕಾಗಿಯೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇದಕ್ಕೆ ದಾರಿ ಇದೆ. ಹುಡುಗರಿಗೆ ಬೇರೆ ಗುಂಪು, ಬೇರೆ ಶ್ರುತಿ ಇದ್ದರೆ ಅದೇ ಸರಿ. ಇಲ್ಲವಾದರೆ ಗುಂಪು ಪಾಠದ ಹೊತ್ತಿನಲ್ಲಿ ಅವನು ದನಿಗೂಡಿಸದೆ ಕೈತಾಳ ಹಾಕಲಿ, ಸ್ವರಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಲಿ, ಸಂಜೆ ತನ್ನ ಶ್ರುತಿಯಲ್ಲಿ ಅದೇ ಪಾಠವನ್ನು ಹಾಡಲಿ. ಒಂದು ಶಿಬಿರದಲ್ಲಿ ನನ್ನ ಎದುರು ಕುಳಿತಿದ್ದ ಹುಡುಗನೊಬ್ಬ ಹೀಗೆಯೇ ಮಾಡಿದ. ಬೆಳಗಿನ ಪಾಠದಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಕಿರುಬೆರಳಿನಿಂದ ಮೊದಲ್ಗೊಂಡು ತೊಡೆಯ ಮೇಲೆ ಎಣಿಸುತ್ತಿದ್ದ ಬೆರಳು ಮಾತ್ರ ತಾಳದ ಒಂದು ಅಕ್ಷರವೂ, ಅಂದರೆ ಒಂದು ಎಣಿಕೆಯೂ, ತಪ್ಪುತ್ತಿರಲಿಲ್ಲ. ಸಂಜೆ ಒಂದೂವರೆ ಶ್ರುತಿ ಇಟ್ಟುಕೊಟ್ಟಾಗ ಪಲ್ಲವಿ, ಅನುಪಲ್ಲವಿ, ಚಿಟ್ಟೆಸ್ವರ ಎಂಬ ಭಾಗಗಳನ್ನೆಲ್ಲ ಎಡವದೆ ಹಾಡಿದ. ನಿಮ್ಮ ಮಗನ ದನಿ ಒಡೆಯುತ್ತಿದ್ದರೆ ಶಿಬಿರದ ಮೊದಲ ದಿನವೇ ಅಲ್ಲಿನ ಗುರುಗಳಿಗೆ ನೀವಾಗಿ ತಿಳಿಸಿ. ಅವನಾಗಿ ಹೇಳಿಕೊಳ್ಳುವುದಿಲ್ಲ.

ವಾದ್ಯ ನುಡಿಸುವವರಿಗೂ ಶ್ರುತಿಯ ಪ್ರಶ್ನೆ ಇದ್ದೇ ಇದೆ. ಐದಕ್ಕೆ ಕಟ್ಟಿದ ಮೃದಂಗವನ್ನು ಒಂದಕ್ಕೆ ಇಳಿಸಲಾಗದು. ಕೊಳಲು ಒಂದು ಶ್ರುತಿಗೆ ಒಂದು. ಶಿಬಿರದ ಶ್ರುತಿ ತಿಳಿಯದೆ ತಂದ ಕೊಳಲು ಚೀಲದಲ್ಲೇ ಉಳಿಯುತ್ತದೆ.

ಹಂತ 4: ಮೂರು ವಾರಗಳ ತಯಾರಿ

ಹೊಸ ಕೃತಿ ಹಚ್ಚಬೇಡಿ. ಈಗಾಗಲೇ ಗೊತ್ತಿರುವ ಒಂದು ವರ್ಣವನ್ನು ತೆಗೆದುಕೊಳ್ಳಿ. ಅದು ಎರಡು ಕಾಲದಲ್ಲಿ, ಪುಸ್ತಕ ನೋಡದೆ, ತಂಬೂರಿಯ ನಾದದ ಜೊತೆ ನಿಲ್ಲದೆ ಬರುವಂತಾಗಲಿ. ಶಿಬಿರದ ಮೊದಲ ದಿನ "ಏನಾದರೂ ಹಾಡು" ಎಂದೇ ಕೇಳುತ್ತಾರೆ, ಆ ಹಾಡುಗಾರಿಕೆಯ ಮೇಲೆಯೇ ಗುಂಪು ನಿರ್ಧಾರವಾಗುತ್ತದೆ. ಅಲ್ಲಿ ಅರೆಬರೆ ಬರುವ ದೊಡ್ಡ ಕೃತಿಗಿಂತ ಗಟ್ಟಿಯಾಗಿ ಬರುವ ವರ್ಣ ಮೇಲು.

ಕೂರುವ ಅಭ್ಯಾಸ ಮಾಡಿಸಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಒಂದು ಗಂಟೆ ಕುಳಿತು ಗೊತ್ತಿಲ್ಲದ ಮಕ್ಕಳು ಎರಡನೆಯ ದಿನಕ್ಕೇ ಸೊಂಟ ಹಿಡಿದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷದಿಂದ ಶುರುಮಾಡಿ ಮೆಲ್ಲಗೆ ಹೆಚ್ಚಿಸಿ. ಬೆಳಗ್ಗೆ ಬೇಗ ಎದ್ದು ಅಕಾರ ಸಾಧನೆ ಮಾಡಿಸಿ. ಸ್ವರದ ಹೆಸರು ಹೇಳದೆ "ಆ" ಎಂದು ಮಂದ್ರದಿಂದ, ಅಂದರೆ ಕೆಳಗಿನ ಸ್ಥಾಯಿಯಿಂದ, ನಿಧಾನವಾಗಿ ಹಾಡುವುದೇ ಅಕಾರ ಸಾಧನೆ. ಶಿಬಿರಗಳ ದಿನ ಇದರಿಂದಲೇ ಆರಂಭವಾಗುವುದು.

ಒಂದಾದರೂ ಪೂರ್ತಿ ಕಛೇರಿಯನ್ನು ಎದುರು ಕುಳಿತು ಕೇಳಿಸಿ. ಈ ವಿಷಯದಲ್ಲಿ ನಮ್ಮ ಬೇಸಿಗೆ ಅದೃಷ್ಟದ್ದು. ರಾಮನವಮಿಯ ಕಾಲಕ್ಕೆ ಊರೂರಲ್ಲೂ ಕಛೇರಿಗಳು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ಉತ್ಸವ ಇವತ್ತಿಗೂ ವಾರಗಟ್ಟಲೆ ನಡೆಯುತ್ತದೆ. ಆರಂಭದ ವರ್ಣದಿಂದ ಕೊನೆಯ ಮಂಗಳದವರೆಗೆ ಒಮ್ಮೆ ಕುಳಿತು ಕೇಳಿದ ಮಗುವಿಗೆ, ತಾನು ಕಲಿಯುತ್ತಿರುವ ವರ್ಣ ಕಛೇರಿಯಲ್ಲಿ ಎಲ್ಲಿ ಬರುತ್ತದೆ, ತನಿ ಆವರ್ತನದಲ್ಲಿ ಹಾಡುವವರು ಏಕೆ ಮೌನವಾಗಿ ತಾಳ ಹಾಕುತ್ತಾರೆ ಎಂಬುದು ತಾನಾಗಿ ತಿಳಿಯುತ್ತದೆ. ತನಿ ಎಂದರೆ ಮೃದಂಗ, ಘಟ, ಖಂಜಿರದವರು ತಾವೇ ನುಡಿಸುವ ಭಾಗ. ಆ ಹೊತ್ತಿನಲ್ಲಿ ಎದ್ದು ಹೊರಡಬೇಡಿ.

ಹಂತ 5: ಚೀಲ ಮತ್ತು ವಾದ್ಯ

ಬಟ್ಟೆಯ ಪಟ್ಟಿ ಸಂಘಟಕರೇ ಕೊಡುತ್ತಾರೆ. ಅದರಲ್ಲಿ ಇಲ್ಲದವು: ಗೆರೆ ಹಾಕಿದ ದಪ್ಪ ಪುಸ್ತಕ, ಪೆನ್ಸಿಲ್, ಸ್ವಂತ ನೀರಿನ ಬಾಟಲಿ, ಕೂರಲು ದಪ್ಪ ಟವೆಲ್, ಟಾರ್ಚ್. ಮೇ ತಿಂಗಳ ಗುಡುಗು ಮಳೆಗೆ ವಿದ್ಯುತ್ ಹೋಗುವುದು ಸಾಮಾನ್ಯ, ಹಾಗಾಗಿ ಎಲೆಕ್ಟ್ರಾನಿಕ್ ತಂಬೂರಿ ಬ್ಯಾಟರಿಯಲ್ಲೂ ನಡೆಯುವಂಥದ್ದಾಗಿರಲಿ. ಮೊಬೈಲ್‌ನಲ್ಲಿ ತಂಬೂರಿ ಆ್ಯಪ್ ಇದೆಯೆಂದು ಮೊಬೈಲ್ ಕೊಟ್ಟು ಕಳುಹಿಸಿದರೆ ತಂಬೂರಿಗಿಂತ ಬೇರೆಯದೇ ಹೆಚ್ಚು ಕೇಳಿಸುತ್ತದೆ.

ವಾದ್ಯದ ವಿಷಯದಲ್ಲಿ ಬಿಸಿಲೇ ದೊಡ್ಡ ಶತ್ರು. ವೀಣೆಯಲ್ಲಿ ತಂತಿಯನ್ನು ಒತ್ತಿ ನುಡಿಸುವ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ ಕಪ್ಪಗೆ ಮಾಡಿದ ಆ ಪಟ್ಟಿ ಬಿಸಿಲಲ್ಲಿ ನಿಲ್ಲಿಸಿದ, ಕಿಟಕಿ ಮುಚ್ಚಿದ ಕಾರಿನೊಳಗೆ ಮೆತ್ತಗಾಗುತ್ತದೆ. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸಾಕು, ಎಲ್ಲಿ ಒತ್ತಿದರೂ ಅಪಸ್ವರ. ಮತ್ತೆ ಮೇಳ ಕಟ್ಟಿಸದೆ, ಅಂದರೆ ಮೆಟ್ಟಿಲುಗಳನ್ನು ಸ್ವರಸ್ಥಾನಕ್ಕೆ ಸರಿಯಾಗಿ ಕೂರಿಸದೆ, ಅದು ನುಡಿಯುವುದಿಲ್ಲ. ಆ ಕೆಲಸ ಬಲ್ಲವರು ಪ್ರತಿ ಊರಲ್ಲೂ ಸಿಗುವುದಿಲ್ಲ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದರೆ ವೀಣೆಯನ್ನೂ ಕೆಳಗಿಳಿಸಿಕೊಂಡು ಹೋಗಿ.

ಪಿಟೀಲಿನ ಅಂಟು ಕೂಡ ಇದೇ ಬಿಸಿಗೆ ಬಿಡುತ್ತದೆ. ಪ್ರಯಾಣಕ್ಕೆ ಮುನ್ನ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಆದರೆ ತಂತಿಗಳನ್ನು ಹೊತ್ತು ನಿಂತ ಕುದುರೆ ಬೀಳುವಷ್ಟು ಬೇಡ. ಕಮಾನಿನ ಕೂದಲನ್ನೂ ಸಡಿಲಿಸಿಡಿ. ಒಂದು ಜೊತೆ ಹೆಚ್ಚುವರಿ ತಂತಿ ಮತ್ತು ಕಮಾನಿಗೆ ಹಚ್ಚುವ ರೋಸಿನ್ ಇರಲಿ. ಹಳ್ಳಿಯ ಶಿಬಿರದಲ್ಲಿ ತಂತಿ ತುಂಡಾದರೆ ಅಂಗಡಿ ಇರುವುದಿಲ್ಲ. ಮೃದಂಗದ ಎಡಮುಖಕ್ಕೆ ಹಚ್ಚಲು ಒಂದು ಡಬ್ಬಿ ರವೆ, ಶ್ರುತಿ ಹೊಂದಿಸುವ ಕಲ್ಲು ಬೇಕು. ನುಡಿಸಿದ ಮೇಲೆ ರವೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಇಡಬೇಕು. ಬಿಟ್ಟರೆ ಇರುವೆ ಬರುತ್ತದೆ, ಇಲಿಯೂ ಬರುತ್ತದೆ. ಯಾವ ವಾದ್ಯವೇ ಆಗಲಿ, ಪೆಟ್ಟಿಗೆಯ ಮೇಲೆ ಹೆಸರು ಮತ್ತು ನಿಮ್ಮ ಫೋನ್ ಸಂಖ್ಯೆ ಬರೆದಿರಲಿ.

ಹಂತ 6: ಶಿಬಿರದಲ್ಲಿ (ಇದನ್ನು ಮಗುವೇ ಓದಲಿ)

ಮೊದಲ ಎರಡು ದಿನ ಮನೆಯ ನೆನಪು ಬರುತ್ತದೆ. ಎಲ್ಲರಿಗೂ ಬರುತ್ತದೆ, ಮೂರನೆಯ ದಿನ ಕಡಿಮೆಯಾಗುತ್ತದೆ. ಅಳು ಬಂದರೆ ಅಲ್ಲಿನ ಅಕ್ಕನಿಗೋ ಗುರುಗಳಿಗೋ ಹೇಳು, ಒಬ್ಬನೇ ಅಥವಾ ಒಬ್ಬಳೇ ಮೂಲೆಯಲ್ಲಿ ಕೂರಬೇಡ.

ಪಾಠದಲ್ಲಿ ಗುರುಗಳು ಒಂದು ಸಾಲು ಹಾಡಿದ ತಕ್ಷಣ ಬರೆಯಲು ಹೋಗಬೇಡ. ಮೊದಲು ಕೇಳು, ಎರಡನೆಯ ಸಲ ಜೊತೆಗೆ ಹಾಡು, ಮೂರನೆಯ ಸಲ ಒಂಟಿಯಾಗಿ ಹಾಡು, ಆಮೇಲೆ ಬರೆ. ಕಿವಿ ಹಿಡಿಯುವ ಮೊದಲೇ ಕೈ ಹಿಡಿದರೆ ಗಮಕ ಸಿಗುವುದಿಲ್ಲ. ಗಮಕ ಎಂದರೆ ಸ್ವರವನ್ನು ತೂಗುವ, ಜಾರಿಸುವ, ಅಲುಗಿಸುವ ರೀತಿ. "ಗ" ಎಂದು ಬರೆದರೆ ಅದು ಯಾವ ಗಾಂಧಾರ, ಎಷ್ಟು ತೂಗಬೇಕು ಎಂದು ಪುಸ್ತಕ ಹೇಳುವುದಿಲ್ಲ. ಬರೆಯುವಾಗ ತಾಳದ ಗೆರೆಗಳನ್ನು ಹಾಕಿಕೊಂಡೇ ಬರೆ. ಆದಿತಾಳವಾದರೆ ನಾಲ್ಕು ಅಕ್ಷರಕ್ಕೆ ಒಂದು ಗೆರೆ, ಎರಡಕ್ಕೆ ಒಂದು, ಮತ್ತೆರಡಕ್ಕೆ ಜೋಡಿ ಗೆರೆ, ಒಟ್ಟು ಎಂಟು. ಗೆರೆಯಿಲ್ಲದ ಸ್ವರಲಿಪಿಯನ್ನು ಒಂದು ತಿಂಗಳ ನಂತರ ನೀನೇ ಓದಲಾರೆ.

ಧ್ವನಿಮುದ್ರಣ ಮಾಡಿಕೊಳ್ಳುವ ಮುನ್ನ ಗುರುಗಳನ್ನು ಕೇಳು. ಬೇಡ ಎಂದರೆ ಬೇಡ. ಒಪ್ಪಿದರೆ ಅದನ್ನು ನಿನ್ನ ಅಭ್ಯಾಸಕ್ಕೆ ಮಾತ್ರ ಇಟ್ಟುಕೋ, ಯಾರಿಗೂ ಕಳುಹಿಸಬೇಡ.

ನಿನಗಿಂತ ಚೆನ್ನಾಗಿ ಹಾಡುವವರು ಅಲ್ಲಿ ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲಿ ಕುಳಿತುಕೋ. ಅವರು ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂದು ಗಮನಿಸು. ಸಾಹಿತ್ಯದ ಪದ ತುಂಡಾಗದ ಕಡೆ ತೆಗೆದುಕೊಳ್ಳುತ್ತಾರೆ. ಇಷ್ಟನ್ನು ಕಲಿತರೂ ನಿನ್ನ ಹಾಡಿನ ಲಕ್ಷಣವೇ ಬೇರೆಯಾಗುತ್ತದೆ. ನೀನು ಹಾಡುವವಳಾದರೆ ದಿನಕ್ಕೊಮ್ಮೆ ಮೃದಂಗದ ಮಕ್ಕಳ ಪಾಠದಲ್ಲಿ ಕುಳಿತು "ತ ಧಿ ತೋಂ ನಂ" ಎಂದು ಬಾಯಲ್ಲಿ ಹೇಳಿ ನೋಡು. ಮೃದಂಗದವನಾದರೆ ಹಾಡುವವರ ಪಾಠದಲ್ಲಿ ಕುಳಿತು ಸಾಹಿತ್ಯ ಕಲಿ. ಹಾಡು ಗೊತ್ತಿಲ್ಲದವನು ಹಾಡಿಗೆ ನುಡಿಸಲಾರ. ಮನೆಯ ಪಾಠದಲ್ಲಿ ಈ ಅವಕಾಶ ಇಲ್ಲ.

ಹಂತ 7: ಗಂಟಲು

ಶಿಬಿರದ ನಾಲ್ಕನೆಯ, ಐದನೆಯ ದಿನಕ್ಕೆ ಅರ್ಧ ಮಕ್ಕಳ ದನಿ ಕಟ್ಟಿರುತ್ತದೆ. ಅದಕ್ಕೆ ಹಾಡಿದ್ದು ಕಾರಣವಲ್ಲ. ಬಿಡುವಿನಲ್ಲಿ ಕಿರುಚಿ ಆಡಿದ್ದು, ರಾತ್ರಿ ನಿದ್ದೆಗೆಟ್ಟು ಹರಟಿದ್ದು, ನೀರು ಕುಡಿಯುವುದನ್ನು ಮರೆತದ್ದು ಕಾರಣ. ಮಾವಿನಹಣ್ಣನ್ನೂ ಐಸ್‌ಕ್ರೀಮನ್ನೂ ದೂರುವವರು ಈ ಮೂರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಾಟಲಿ ಪಕ್ಕದಲ್ಲೇ ಇರಲಿ, ಪಾಠದ ನಡುವೆಯೂ ಗುಟುಕು ನೀರು ಕುಡಿಯಲಿ. ದನಿ ಒರಟಾದರೆ ಒಂದು ದಿನ ಹಾಡದೆ ಕೇಳಿಸಿಕೊಳ್ಳಲಿ, ಮಾತನ್ನೂ ಕಡಿಮೆ ಮಾಡಲಿ. ಪಿಸುಗುಟ್ಟುವುದನ್ನು ವಿಶ್ರಾಂತಿ ಎಂದುಕೊಳ್ಳಬೇಡಿ. ನೋವಿದ್ದರೂ ಹಾಡಿಸುವ ಗುರುಗಳಿದ್ದರೆ ನೀವು ಮಾತನಾಡಲೇಬೇಕು. ಮನೆಗೆ ಬಂದ ಮೇಲೆ ಎರಡು ವಾರವಾದರೂ ದನಿ ತಿಳಿಯಾಗದಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿ. ಮನೆಮದ್ದಿನಲ್ಲೇ ತಿಂಗಳು ಕಳೆಯಬೇಡಿ.

ಹಂತ 8: ಸಮಾರೋಪದ ದಿನ

ಕೊನೆಯ ದಿನ ವೇದಿಕೆ, ಅತಿಥಿಗಳು, ಗೋಷ್ಠಿಗಾಯನ, ಪ್ರಮಾಣಪತ್ರ. ಗೋಷ್ಠಿಗಾಯನ ಎಂದರೆ ಎಲ್ಲರೂ ಸೇರಿ ಹಾಡುವುದು. ನಿಮ್ಮ ಮಗು ಮೊದಲ ಸಾಲಿನಲ್ಲಿದೆಯೋ ಹಿಂದಿನ ಸಾಲಿನಲ್ಲಿದೆಯೋ ಎಂಬುದಕ್ಕೆ ಯಾವ ಅರ್ಥವೂ ಇಲ್ಲ, ಎತ್ತರ ನೋಡಿ ಕೂರಿಸಿರುತ್ತಾರೆ. "ನಮ್ಮ ಮಗಳಿಗೆ ಒಂಟಿಯಾಗಿ ಹಾಡಲು ಅವಕಾಶ ಕೊಡಿ" ಎಂದು ಸಂಘಟಕರ ಬೆನ್ನು ಹತ್ತುವ ಪೋಷಕರನ್ನು ಕಂಡಾಗ ನನಗೆ ಆ ಮಗುವಿನ ಬಗ್ಗೆಯೇ ಮರುಕವಾಗುತ್ತದೆ. ಪಕ್ಕದಲ್ಲಿ ನಿಂತು ತಲೆ ತಗ್ಗಿಸಿರುತ್ತದೆ. ಹಾಡು ನಡೆಯುವಾಗ ವಿಡಿಯೊಗಾಗಿ ವೇದಿಕೆಯ ಮುಂದೆ ನಿಲ್ಲಬೇಡಿ. ಅದು ನಿಮ್ಮತ್ತ ನೋಡಿದರೆ ತಾಳ ತಪ್ಪುತ್ತದೆ. ಕೆಳಗಿಳಿದು ಬಂದಾಗ ತಪ್ಪಿದ ಜಾಗವನ್ನು ಅಲ್ಲೇ ಎತ್ತಿ ಹೇಳಬೇಡಿ.

ಹಂತ 9: ಮನೆಗೆ ಬಂದ ಮೇಲೆ

ಮೊದಲ ಎರಡು ದಿನ ಮಗು ಮಲಗಲಿ. ಮೂರನೆಯ ದಿನ ಪುಸ್ತಕ ತೆಗೆಸಿ, ಕಲಿತದ್ದರಲ್ಲಿ ಅದಕ್ಕೆ ತುಂಬ ಇಷ್ಟವಾದ ಒಂದನ್ನು ಆರಿಸಿಕೊಳ್ಳಲು ಹೇಳಿ. ಉಳಿದವುಗಳನ್ನು ಮುಚ್ಚಿಡಿ. ಆ ಒಂದನ್ನು ಜೂನ್ ತಿಂಗಳು ಪೂರ್ತಿ ಹಾಡಲಿ.

ಇಲ್ಲಿ ಒಂದು ತೊಡಕು ಬರುತ್ತದೆ. ಶಿಬಿರದಲ್ಲಿ ಕಲಿತದ್ದನ್ನು ಹಾಡಿದಾಗ ಮನೆಯ ಗುರುಗಳು "ನಾವು ಹೀಗೆ ಹಾಡುವುದಿಲ್ಲ" ಎನ್ನಬಹುದು. ಇದು ಪಾಠಾಂತರದ ಭೇದ. ಒಂದೇ ಕೃತಿಯನ್ನು ಬೇರೆ ಬೇರೆ ಗುರುಪರಂಪರೆಗಳು ಬೇರೆ ಬೇರೆ ಸಂಗತಿಗಳೊಂದಿಗೆ, ಕೆಲವೊಮ್ಮೆ ಬೇರೆ ಎಡುಪಿನಲ್ಲಿ ಹಾಡುತ್ತವೆ. ಸಂಗತಿ ಎಂದರೆ ಒಂದು ಸಾಲನ್ನು ಹಂತಹಂತವಾಗಿ ಬೆಳೆಸುತ್ತಾ ಹೋಗುವ ರೂಪಗಳು. ಎಡುಪು ಎಂದರೆ ತಾಳದಲ್ಲಿ ಹಾಡು ಹತ್ತುವ ಜಾಗ. ಎರಡೂ ಪಾಠ ಸರಿಯಾಗಿರಬಹುದು. ಆದರೆ ಎಳೆಯ ವಿದ್ಯಾರ್ಥಿ ಎರಡನ್ನೂ ಕಲಸಿ ಮೂರನೆಯದೊಂದನ್ನು ಹಾಡತೊಡಗಿದರೆ ಬಿಡಿಸುವುದು ಬಹಳ ಕಷ್ಟ. ಮನೆಯ ಗುರುಗಳಲ್ಲಿ ಈಗಾಗಲೇ ಕಲಿತ ಕೃತಿಯಾದರೆ ಅವರ ಪಾಠವನ್ನೇ ಇಟ್ಟುಕೊಳ್ಳಲಿ, ಶಿಬಿರದ ಪಾಠ ಪುಸ್ತಕದಲ್ಲಿ ಕಲಿಸಿದವರ ಹೆಸರಿನೊಂದಿಗೆ ಇರಲಿ. ಹೊಸ ಕೃತಿಯಾದರೆ ಗುರುಗಳ ಮುಂದೆ ಒಮ್ಮೆ ಪೂರ್ತಿ ಹಾಡಿ, ತಿದ್ದಿದರೆ ತಿದ್ದಿಸಿಕೊಂಡು ಮುಂದುವರಿಯಲಿ. "ಅಲ್ಲಿ ದೊಡ್ಡ ವಿದ್ವಾಂಸರು ಹೀಗೆ ಹೇಳಿಕೊಟ್ಟರು" ಎಂದು ಎದುರಾಡುವಂತೆ ಮಗುವಿಗೆ ನೀವು ಹೇಳಿಕೊಡಬೇಡಿ.

ಶಾಲೆ ಶುರುವಾದ ಮೇಲೆ ದಿನಕ್ಕೆ ನಾಲ್ಕು ಗಂಟೆಯ ಸಂಗೀತ ಸಾಧ್ಯವಿಲ್ಲ, ನಿರೀಕ್ಷಿಸಲೂ ಬೇಡಿ. ಶಿಬಿರದಲ್ಲಿ ಎದ್ದ ಹೊತ್ತಿಗೇ ಎದ್ದು ಅರ್ಧ ಗಂಟೆ ಅಕಾರ ಮತ್ತು ವರಸೆ, ಸಂಜೆ ಅರ್ಧ ಗಂಟೆ ಆ ಒಂದು ಕೃತಿ ಸಾಕು. ಶಿಬಿರದಲ್ಲಿ ಗೆಳೆತನವಾದ ಒಂದಿಬ್ಬರು ಮಕ್ಕಳು ನಿಮ್ಮ ಊರಿನವರೇ ಆಗಿದ್ದರೆ ಅವರ ಪೋಷಕರ ಸಂಖ್ಯೆ ಪಡೆದುಕೊಂಡು, ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಒಟ್ಟಿಗೆ ಹಾಡಲು ಕೂರಿಸಿ. ಅದಕ್ಕೆ ವೇದಿಕೆ, ಅತಿಥಿ ಯಾವುದೂ ಬೇಡ. ಒಂದು ತಂಬೂರಿ, ಒಂದು ಚಾಪೆ ಇರಲಿ, ಮೃದಂಗದ ಹುಡುಗ ಸಿಕ್ಕರೆ ಅವನನ್ನೂ ಕರೆಯಿರಿ. ಮುಂದಿನ ವರ್ಷದ ಶಿಬಿರಗಳ ವಿಚಾರಣೆಯನ್ನು ಜನವರಿಯಲ್ಲೇ ಶುರುಮಾಡಿ. ಸಣ್ಣ ಗುಂಪಿನ ಶಿಬಿರಗಳಲ್ಲಿ ಜಾಗ ಬೇಗ ತುಂಬುತ್ತದೆ.